ಗುಲಾಬಿ ಬಣ್ಣಕ್ಕೆ ತಿರುಗಿದ ಹೈಡ್ರೇಂಜಿಯಾ

ಐವತ್ತೇಳನೆಯ ಇಸವಿಯ ಚೈತ್ರ. ಬೆಳಿಗ್ಗೆ ಆರೂವರೆಗೇ ಪ್ರಭಾ ನಾಗಪುರದ ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ತಂಬಿಗೆ ಹಿಡಿದು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನೀಲಿಯಾಗಿ ಅರಳಬೇಕಿದ್ದ ಹೈಡ್ರೇಂಜಿಯಾ ಗುಲಾಬಿ ಬಣ್ಣದಲ್ಲಿ ಅರಳಿತ್ತು.

"ಗಿಡಾನ ಬದ್ಲಿ ಮಾಡೀದಿ ಅಂತಾರ ಗಂಗೂ ಮಾವಶಿ," ಎಂದ ತಮ್ಮ ಶಾಮ, ಹಲ್ಲುಜ್ಜುತ್ತ.

"ನೀ ಮೊದಲು ಬಾಯಿ ತೊಳಕೊ."

ಪಕ್ಕದ ಮನೆಯ ಗಂಗೂಬಾಯಿ ದೀಪಾವಳಿಗೆ ಮೊದಲೇ ಮಗಳ ಬಾಣಂತನಕ್ಕೆಂದು ವರ್ಧಾಕ್ಕೆ ಹೋಗಿದ್ದರು. ಹೋಗುವಾಗ ಹೈಡ್ರೇಂಜಿಯಾದ ಎರಡು ಕುಂಡ ಪ್ರಭಾಳಿಗೆ ಒಪ್ಪಿಸಿದ್ದರು. ಎರಡೂ ಪಚಮಢಿಯ ಬೆಟ್ಟದಿಂದ ತಂದವು.

"ನಮ್ಮವರು ರಿಟೈರ್ ಆಗತಾರ. ನಾ ಬಂದು ಕ್ವಾರ್ಟರ್ಸ್ ಖಾಲಿ ಮಾಡೂಮುಂದ ನೀಲಿ ನಾ ಒಯ್ತೀನಿ. ಬಿಳೀದು ನಿನಗ," ಎಂದಿದ್ದರು.

ಇವತ್ತು ಮಧ್ಯಾಹ್ನದ ಗಾಡಿಗೆ ಅವರು ಬರುವವರಿದ್ದರು.

ಬಿಳಿ ಹೂವು ಬಿಳಿಯಾಗಿಯೇ ಇತ್ತು. ಎರಡಕ್ಕೂ ಒಂದೇ ನೆರಳು, ಒಂದೇ ನೀರು. ಮತ್ತೆ ಇದೊಂದಕ್ಕೆ ಏನಾಯಿತು? ಪ್ರಭಾ ಎಲೆ ಮಗುಚಿ ನೋಡಿದಳು. ಕಡ್ಡಿಯಿಂದ ಮಣ್ಣು ಕೆದಕಿದಳು. ಬಿಳಿ ಹೆಂಟೆಗಳು ಸಿಕ್ಕವು. ಬೆರಳಲ್ಲಿ ಉಜ್ಜಿದಳು. ಸುಣ್ಣ.

ಆಗ ನೆನಪಾಯಿತು. ದೀಪಾವಳಿಗೆ ಗೋಡೆಗೆ ಬಳಿದು ಉಳಿದ ಸುಣ್ಣದಲ್ಲಿ ಅವಳು ಕುಂಡಗಳಿಗೂ ಪಟ್ಟಿ ಬಳಿದಿದ್ದಳು. ಬಕೆಟ್ಟಿನ ತಳದ್ದನ್ನು, ಇರುವೆ ಬಾರದಿರಲಿ ಎಂದು, ಎರಡೂ ಗಿಡದ ಬುಡಕ್ಕೆ ಸುರಿದಿದ್ದಳು.

"ಮಣ್ಣು ಮುಚ್ಚಿಬಿಡು," ಎಂದ ಶಾಮ. "ಯಾರಿಗೆ ಗೊತ್ತಾಗತೈತಿ?"

ಪ್ರಭಾ ಮುಚ್ಚಲಿಲ್ಲ.

ಮಧ್ಯಾಹ್ನ ಗಂಗೂಬಾಯಿ ಕೈಚೀಲ ಕೆಳಗಿಡದೆ ಸೀದಾ ಕುಂಡದ ಹತ್ತಿರ ಬಂದರು.

"ನನ್ನ ನೀಲಿ ಎಲ್ಲಿ?"

"ಇದsರಿ, ಮಾವಶಿ. ಬದ್ಲಿ ಮಾಡಿಲ್ರಿ. ಸುಣ್ಣದ ನೀರು ಹಾಕಿದ್ದೆ. ಎರಡಕ್ಕೂ."

ಗಂಗೂಬಾಯಿ ಬಗ್ಗಿ ಮಣ್ಣು ಚಿವುಟಿ ನೋಡಿದರು. "ಹೌದು. ನೀಲಿ ಜಾತೀದು ಸುಣ್ಣ ಕುಡದ್ರ ಹಿಂಗs ಆಗತೈತಿ."

"ಮತ್ತ ಬಿಳೀದು ಯಾಕ ಬದಲಾಗಿಲ್ರಿ?"

"ಅದರ ಜಾತೀನs ಬ್ಯಾರೆ. ಏನ್ ಹಾಕಿದ್ರೂ ಗುಲಾಬಿ ಆಗೂದಿಲ್ಲ, ನೀಲೀನೂ ಆಗೂದಿಲ್ಲ."

"ಹೊಸ ಮಣ್ಣು ಹಾಕಿದ್ರ ಇದು ಮತ್ತ ನೀಲಿ ಆಗತೈತೇನ್ರಿ?"

"ಆದೀತು. ಬರೋ ವರ್ಷ ನೋಡಬೇಕು." ಅವರು ಗುಲಾಬಿ ಹೂವನ್ನೇ ನೋಡುತ್ತ ನಿಂತರು. "ಆರು ತಿಂಗಳಾತು, ನೀಲಿ ನೋಡತೀನಿ ಅಂತ ಕಾಯ್ಕೋತ ಇದ್ದೆ."

ನಿಜ ಹೇಳಿದ ಮಾತ್ರಕ್ಕೆ ಹೂವೇನೂ ನೀಲಿಯಾಗಲಿಲ್ಲ. ಸಂಜೆ ಪ್ರಭಾ ಶಾಮನನ್ನು ಕರೆದುಕೊಂಡು ಹೋಗಿ, ಬೇವಿನ ಮರದ ಕೆಳಗಿನ ಎಲೆಗೊಬ್ಬರ ತಂದು ಕುಂಡದ ಮಣ್ಣು ಬದಲಿಸಿದಳು.

ಶುಕ್ರವಾರ ಬೆಳಿಗ್ಗೆ ಗಂಗೂಬಾಯಿಯ ಮನೆ ಮುಂದೆ ಟಾಂಗಾ ಬಂತು. ಟ್ರಂಕು, ಹಾಸಿಗೆ, ಹಂಡೆ ಎಲ್ಲ ಹಿಂದೆ ಹೇರಿದರು. ತಪ್ಪಾಯಿತೆಂದು ಹೇಳಲು ಪ್ರಭಾ ಓಡಿ ಬಂದಳು. ಟಾಂಗಾದವನು ಕುಂಡವನ್ನೂ ಹಿಂದಿಡಲು ಕೈಚಾಚಿದ.

"ಬ್ಯಾಡೋ, ಟೊಂಗಿ ಮುರದೀತು," ಎಂದರು ಗಂಗೂಬಾಯಿ. ಗುಲಾಬಿ ಬಣ್ಣದ ಹೈಡ್ರೇಂಜಿಯಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಬಿಸಿಲು ಮರೆಮಾಡಿದರು.

ಪ್ರಭಾ ತಪ್ಪಾಯಿತೆನ್ನುವುದನ್ನು ಬಿಟ್ಟು, ಜಾರುತ್ತಿದ್ದ ಸೆರಗಿನ ತುದಿಯನ್ನು ಹೂವಿನ ಮೇಲೆ ಸರಿಮಾಡಿದಳು. ಟಾಂಗಾ ಸ್ಟೇಷನ್ನಿನ ಕಡೆ ಹೊರಟಿತು.