ಲಾಯ್ ಅಣ್ಣನ ನಾಡಿ

ಶಿನ್‌ಚು ನಗರದ ನಮ್ಮ ಕಚೇರಿಯಲ್ಲಿ ಊಟವಾದ ಮೇಲೆ ಒಂದು ಗಂಟೆ ದೀಪ ಆರಿಸುತ್ತಾರೆ. ಎಲ್ಲರೂ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಅಂದು ಎಚ್ಚರವಿದ್ದವರು ನಾನು ಮತ್ತು ಯೂ-ಚೆನ್ ಮಾತ್ರ. ನಾಡಿ ಅಳೆಯುವ ಹೊಸ ಯಂತ್ರದ ಪರೀಕ್ಷೆ ಮುಗಿಸಬೇಕಿತ್ತು.

ರೋಗಿಯ ನಾಡಿ ನಿಂತರೆ ಹತ್ತೇ ಸೆಕೆಂಡಿನಲ್ಲಿ ಕೂಗಿಕೊಳ್ಳುವ ಸಾಫ್ಟ್‌ವೇರ್ ಬರೆದವರು ನಮ್ಮ ಹಿರಿಯ ಸಹೋದ್ಯೋಗಿ ಲಾಯ್. ಯಾವ ಹೊಸ ಯಂತ್ರ ಮಾಡಿದರೂ ಅದನ್ನೇ ತಂದು ಕೂರಿಸುತ್ತೇವೆ. ಪರೀಕ್ಷೆಗೆಂದು ಅವರು ತಮ್ಮದೇ ನಾಡಿಯನ್ನು ದಾಖಲಿಸಿಟ್ಟಿದ್ದರು. ನಿಮಿಷಕ್ಕೆ ಎಪ್ಪತ್ತೆರಡು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕಂಪ್ಯೂಟರಿನಿಂದ ಒಂದು ತಂತಿಯಲ್ಲಿ ಅದನ್ನು ಯಂತ್ರಕ್ಕೆ ಹರಿಸುತ್ತೇವೆ. ಲಾಯ್ ತೀರಿಕೊಂಡು ಎರಡು ವರ್ಷವಾಗಿತ್ತು.

ದೀಪ ಆರಿತು. ಪರದೆಯ ಮೇಲಿನ ಎಪ್ಪತ್ತೆರಡು ಮೆಲ್ಲಗೆ ಐವತ್ತನಾಲ್ಕಕ್ಕೆ ಇಳಿಯಿತು.

“ಲಾಯ್ ಅಣ್ಣನೂ ಮಲಗಿದ್ರು ನೋಡಿ,” ಎಂದು ಯೂ-ಚೆನ್ ನಕ್ಕಳು.

“ತಮಾಷೆ ಸಾಕು ಮಾರಾಯ್ತಿ, ತಂತಿ ಕೀಳು.”

ಕಿತ್ತಳು. ಇನ್ನು ಯಂತ್ರ ಕೂಗಲೇಬೇಕು. ಹತ್ತರವರೆಗೆ ಎಣಿಸಿದೆವು, ಅರವತ್ತರವರೆಗೂ ಎಣಿಸಿದೆವು. ಐವತ್ತನಾಲ್ಕು ಹಾಗೇ ಇತ್ತು.

“ಇದನ್ನ ಮುಟ್ಟಿ ನೋಡಿ,” ಎಂದು ಅವಳು ತಂತಿಯ ತುದಿ ಚಾಚಿದಳು. ಈಗ ನಗುತ್ತಿರಲಿಲ್ಲ. ಅದು ಬೆರಳಿನಷ್ಟು ಬೆಚ್ಚಗಿತ್ತು.

ದೀಪ ಹೊತ್ತುವವರೆಗೂ ಇಬ್ಬರೂ ಕದಲಲಿಲ್ಲ. ಹೊತ್ತಿದೊಡನೆ ಐವತ್ತನಾಲ್ಕು ಎಪ್ಪತ್ತೆರಡಾಯಿತು, ಆಮೇಲೆ ಸೊನ್ನೆ. ಹತ್ತು ಸೆಕೆಂಡಿಗೆ ಯಂತ್ರ ಕಿರುಚಿಕೊಂಡಿತು.

ಆ ವಾರ ನೂರು ಸಲ ತಂತಿ ಕಿತ್ತು ಪರೀಕ್ಷಿಸಿದೆವು. ನೂರು ಸಲವೂ ಸರಿಯಾಗಿ ಕೂಗಿತು. ವರದಿಗೆ ನಾನೇ ಸಹಿ ಹಾಕಿದೆ. ನೂರು ಸಲವೂ ದೀಪ ಉರಿಯುತ್ತಿತ್ತು. ಆ ಯಂತ್ರ ಈಗ ಆಸ್ಪತ್ರೆಗಳಲ್ಲಿದೆ. ಅಲ್ಲಿ ಎಷ್ಟು ಹೊತ್ತಿಗೆ ದೀಪ ಆರಿಸುತ್ತಾರೆಂದು ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ.