ಸ್ಕಿನ್ ತೆಗೆದ ಮೇಲೂ

ದೆವ್ವಕ್ಕೆ ಹೆದರುವಷ್ಟು ಪುರುಸೊತ್ತು ನನಗಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತೇ ದುಡಿಯುವವಳು ನಾನು. ಆ ಭಾನುವಾರ ಮಧ್ಯಾಹ್ನ ಮನೆಗೆ ಬಂದಾಗ ಮಗಳು ಕಂಪ್ಯೂಟರಿನಲ್ಲಿ ಆಟವಾಡುತ್ತಿದ್ದಳು. ಆಟದ ಯೋಧೆಗೆ ನನ್ನ ಮುಖವಿತ್ತು, ನನ್ನ ನೀಲಿ ಸಮವಸ್ತ್ರವಿತ್ತು.

“ನಿನ್ನ ಫೋಟೋದಿಂದ ನಾನೇ ಸ್ಕಿನ್ ಮಾಡಿ ಹಾಕಿದೆ. ಇವಳಾದ್ರೂ ದಿನಾ ಮನೇಲಿ ಸಿಗ್ತಾಳೆ,” ಎಂದಳು.

ಮಾತು ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆಟದ ಆ ಯೋಧೆಯ ನಡಿಗೆ. ನನ್ನಂತೆಯೇ ಎಡಗಾಲು ಎಳೆಯುತ್ತಿದ್ದಳು.

“ನಾನು ಕುಂಟೋದನ್ನೂ ಆಡ್ಕೋಬೇಕಿತ್ತೇನೇ?”

“ಅಯ್ಯೋ, ಸ್ಕಿನ್ ಅಂದ್ರೆ ಬರೀ ಮುಖ, ಬಟ್ಟೆ ಅಮ್ಮಾ. ನಡಿಗೆ ನಾನು ಮುಟ್ಟೇ ಇಲ್ಲ.”

ತೆಗಿ ಎಂದು ಗದರಿದೆ. ಮಗಳು ಮುಖ ಊದಿಸಿಕೊಂಡು ಆಟದ ಫೋಲ್ಡರಿನಿಂದ ಆ ಸ್ಕಿನ್ ಫೈಲನ್ನು ಅಳಿಸಿ, ಆಟವನ್ನು ಮತ್ತೆ ತೆರೆದಳು. ಕಂಪ್ಯೂಟರಿನ ಬಿಸಿಗಾಳಿಯಲ್ಲಿ ನಮ್ಮ ಲಾಂಡ್ರಿಯ ಬ್ಲೀಚಿನ ವಾಸನೆ ಬಂತು. ಯೋಧೆಗೆ ಹಳೆಯ ಮುಖ, ಹಳೆಯ ಕವಚ ಮರಳಿತ್ತು. ಕುಂಟುವುದು ಮಾತ್ರ ನಿಂತಿರಲಿಲ್ಲ. ಮಗಳು ಕೀಬೋರ್ಡಿನಿಂದ ಕೈ ತೆಗೆದಳು. ಆದರೂ ಯೋಧೆ ನಡೆದು ಬಂದು, ಕಲ್ಲಿನ ಮೇಲೆ ಕುಳಿತು, ಮಂಡಿ ಒತ್ತಿಕೊಂಡಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಮಗಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದಳು: “ತುಂಬಾ ನೋಯ್ತಿದ್ಯಾ ಅಮ್ಮಾ?”

ನನ್ನನ್ನು ಅವಳು ಎಂದೂ ಹಾಗೆ ಕೇಳಿದ್ದಿಲ್ಲ.