ಅರಿಸಿನದ ಕಾಗದ

“ಅಯ್ಯೋ, ಎಲ್ಲಾ ನೀಲಿ ಆಗೋಗಿದೆ ಕಣೇ!” ಚೀಲದೊಳಗೆ ಕೈಹಾಕಿದ ಷಡಕ್ಷರಿ ಕೂಗಿಕೊಂಡ.

ಕಮಲಾಕ್ಷಿಯೂ ಕೈಹಾಕಿ ನೋಡಿದಳು. ಅಜ್ಜಂಪುರದಿಂದ ತರೀಕೆರೆಗೆ ಬರುವಾಗ ಬಸ್ಸಿನ ಕುಲುಕಾಟಕ್ಕೆ ಸೋಪಿನ ನೀರಿನ ಬಾಟಲಿಯ ಬಿರಡೆ ಕಿತ್ತುಹೋಗಿತ್ತು. ಆಮ್ಲ, ಪ್ರತ್ಯಾಮ್ಲ ಪತ್ತೆಹಚ್ಚಲು ತಂದಿದ್ದ ಲಿಟ್ಮಸ್ ಕಾಗದಗಳೆಲ್ಲ ನೆಂದು ನೀಲಿ ಮುದ್ದೆಯಾಗಿದ್ದವು.

“ಬಿರಡೆ ಬಿಗಿಯಾಗಿ ಹಾಕು ಅಂದಿದ್ದೆ ತಾನೇ?” ಎಂದ ಷಡಕ್ಷರಿ.

ತಾಲ್ಲೂಕಿನ ಶಾಲೆಗಳೆಲ್ಲ ಸೇರಿದ ವಿಜ್ಞಾನ ಪ್ರದರ್ಶನ ಅದು. ತೀರ್ಪುಗಾರರು ಆಗಲೇ ಮೊದಲ ಟೇಬಲ್ಲಿನ ಹತ್ತಿರ ಬಂದಿದ್ದರು.

“ಹೋಗ್ಲಿ ಬಿಡಮ್ಮ, ಟೇಬಲ್ ಖಾಲಿ ಮಾಡೋಣ,” ಎಂದರು ಓಂಕಾರಮೂರ್ತಿ ಮೇಷ್ಟ್ರು. ಅವರು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಕಮಲಾಕ್ಷಿಗೆ.

ಅವಳು ತಲೆ ತಗ್ಗಿಸಿದಳು. ಬಿಳಿ ಯೂನಿಫಾರಂ ಮೇಲೆ ಬೆಳಗಿನ ಚಿತ್ರಾನ್ನದ ಹಳದಿ ಕಲೆ. ಸೋಪಿನ ಕೈಯಲ್ಲೇ ಉಜ್ಜಿದಳು. ಕಲೆ ಕೆಂಪಾಯಿತು!

“ಸಾರ್, ಅರಿಸಿನ!” ಎಂದವಳೇ ಬಾಗಿಲಿಗೆ ಓಡಿದಳು. ಅಲ್ಲಿ ಪ್ರೇಮಮ್ಮ ಟೀಚರ್ ಅತಿಥಿಗಳಿಗೆಂದು ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು.

“ಟೀಚರ್, ಸ್ವಲ್ಪ ಅರಿಸಿನ ಕೊಡಿ.”

“ಯಾಕಮ್ಮ, ಹಚ್ಕೊಳೋಕಾ?”

“ಅಲ್ಲ ಟೀಚರ್, ಪ್ರಯೋಗಕ್ಕೆ!”

ಷಡಕ್ಷರಿ ಬಿಳಿ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಹರಿದ. ಕಮಲಾಕ್ಷಿ ಅರಿಸಿನ ಕಲಸಿ ಬಳಿದಳು. ಮೇಷ್ಟ್ರು ತಮ್ಮ ಟವೆಲ್ಲಿನಿಂದ ಗಾಳಿ ಬೀಸಿದರು.

ಕನ್ನಡಕದ ತೀರ್ಪುಗಾರರು ಬಂದರು. ಬಾಟಲಿಯ ತಳದಲ್ಲಿ ಉಳಿದಿದ್ದ ಸೋಪಿನ ನೀರಿಗೆ ಪಟ್ಟಿ ಅದ್ದಿದ ಕೂಡಲೇ ಕೆಂಪು.

“ಪ್ರತ್ಯಾಮ್ಲ ಸಾರ್,” ಎಂದಳು ಕಮಲಾಕ್ಷಿ.

“ಸರಿ. ಈ ಲೋಟದ ನಿಂಬೆರಸಕ್ಕೆ?”

ಹೊಸ ಪಟ್ಟಿ ಅದ್ದಿದಳು. ಹಳದಿ ಹಳದಿಯಾಗಿಯೇ ಉಳಿಯಿತು.

“ಬದಲಾಗಲೇ ಇಲ್ವಲ್ಲ! ಇದು ಆಮ್ಲಾನೋ, ಬರೀ ನೀರೋ, ಹೇಗೆ ಹೇಳ್ತೀಯಮ್ಮ?”

“ಗೊತ್ತಿಲ್ಲ ಸಾರ್… ತಡೀರಿ, ನೋಡ್ತೀನಿ.”

ಕೆಂಪಾಗಿದ್ದ ಪಟ್ಟಿಯ ಒಂದು ತುದಿಗೆ ಬರೀ ನೀರು ಹನಿಸಿದಳು. ಕೆಂಪು ಹೋಗಲಿಲ್ಲ. ಇನ್ನೊಂದು ತುದಿಗೆ ನಿಂಬೆರಸ ಹನಿಸಿದಳು. ಹನಿ ಬಿದ್ದಲ್ಲಿ ಕೆಂಪು ಮಾಯವಾಗಿ ಹಳದಿ ಅರಳಿತು.

“ಮತ್ತೆ ಹಳದಿ ಆಯ್ತು! ನಿಂಬೆರಸ ಆಮ್ಲ ಸಾರ್!”

ಸುತ್ತ ನೆರೆದಿದ್ದ ಮಕ್ಕಳು ಹೋ ಎಂದರು. ತೀರ್ಪುಗಾರರು ತಾವೇ ಒಂದು ಪಟ್ಟಿ ತೆಗೆದುಕೊಂಡು ಮಾಡಿ ನೋಡಿದರು.

ಸಂಜೆ ಮೈಕಿನಲ್ಲಿ “ಮೊದಲ ಬಹುಮಾನ, ಅಜ್ಜಂಪುರ!” ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಓಂಕಾರಮೂರ್ತಿ ಮೇಷ್ಟ್ರು.

ವಾಪಸು ಬರುವಾಗ ಷಡಕ್ಷರಿ ದಾರಿಯುದ್ದಕ್ಕೂ ಬಹುಮಾನದ ಕಪ್ಪನ್ನು ಬಸ್ಸಿನ ಕಿಟಕಿಗೆ ಹಿಡಿದೇ ಇದ್ದ. “ಲೇ, ಮಜ್ಜಿಗೆ ಹಾಕಿದ್ರೂ ಹಳದಿ ಆಗುತ್ತೇನೇ?”

“ಮಾಡಿ ನೋಡ್ಬೇಕು ಕಣೋ.”

ಮಜ್ಜಿಗೆ, ಹುಣಸೆಹಣ್ಣು, ಒಲೆಯ ಬೂದಿ, ಸೀಗೇಪುಡಿ… ಕಮಲಾಕ್ಷಿಗೆ ದಿನಾ ನೋಡುತ್ತಿದ್ದ ಮನೆಯೇ ಹೊಸದಾಗಿ ಕಾಣತೊಡಗಿತು. ಬಸ್ಸು ಇನ್ನೂ ಜೋರಾಗಿ ಹೋಗಬಾರದೇ ಅನ್ನಿಸಿತು.